ಎರಡು ತಲೆಯ ವೈರು

ಕಳೆದ ಭಾನುವಾರ ಮಧ್ಯಾಹ್ನ, ಕರೆಂಟೇ ಇಲ್ಲದ ಕಂಬದ ಮೇಲೆ ಒಬ್ಬ ಮನುಷ್ಯನಿಗೆ ಕರೆಂಟು ಹೊಡೆಯಿತು.

ಇನ್ನೊಮ್ಮೆ ಓದಿಕೊಳ್ಳಿ. ಅಚ್ಚಿನ ತಪ್ಪಲ್ಲ. ಊರ ಟಿ.ಸಿ. ಬಂದ್ ಆಗಿತ್ತು. (ಟ್ರಾನ್ಸ್‌ಫಾರ್ಮರ್ ಅನ್ನುವಷ್ಟು ಪುರುಸೊತ್ತು ನಮ್ಮ ಕಡೆ ಯಾರಿಗೂ ಇಲ್ಲ.) ಬಂದ್ ಮಾಡಿದವನು ಬೇರೆ ಯಾರೂ ಅಲ್ಲ, ಕಂಬ ಹತ್ತಿದವನೇ. ಹಿಟ್ಟಿನ ಗಿರಣಿ ನಿಂತಿತ್ತು. ಹೊಳೆಯ ದಂಡೆಯ ಪಂಪುಗಳೆಲ್ಲ ನಿಂತಿದ್ದವು. ಆದರೂ ಹೊಡೆಯಿತು.

ಊರ ಹೆಸರು ಹೇಳುವುದಿಲ್ಲ. ದೂಧಗಂಗೆಯ ದಂಡೆಯ ಊರು, ಚಿಕ್ಕೋಡಿಯಲ್ಲಿ ಬಸ್ಸು ಹತ್ತಿ ಸದಲಗಾದ ಕಡೆ ಹೊರಟರೆ ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತ ತೆವಳುತ್ತ ಒಂದು ತಾಸಿಗೆ ಮುಟ್ಟುತ್ತೀರಿ. ಅಷ್ಟು ಸಾಕು. ಮನುಷ್ಯರ ಹೆಸರುಗಳನ್ನೂ ಬದಲಿಸಿದ್ದೇನೆ. ಯಾಕೆ ಅನ್ನುವುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ಆ ಊರಲ್ಲಿ ನನ್ನ ಕಾಕಾ ಇದ್ದಾರೆ. ಅಪ್ಪನ ತಮ್ಮ. ಕಬ್ಬು ಉಂಟು, ದ್ರಾಕ್ಷಿ ಉಂಟು, ಕೈ ಧಾರಾಳ, ಬಾಯಿ ಅದಕ್ಕಿಂತ ಧಾರಾಳ. ಊರಿಗೆ ಹೊಸದು ಏನೇ ಬರಲಿ, ಮೊದಲು ಕಾಕಾನ ಮನೆಗೇ ಬರಬೇಕು. ಮೊದಲ ಫೋನು ಅವರದು, ಮೊದಲ ಕಲರ್ ಟಿ.ವಿ. ಅವರದು. ಗಲ್ಲಿಯ ಜನವೆಲ್ಲ, ವಯಸ್ಸಿನಲ್ಲಿ ಅವರಿಗಿಂತ ಹಿರಿಯರೂ, ಅವರನ್ನು ಕಾಕಾ ಅಂತಲೇ ಕರೆಯುತ್ತಾರೆ. ಕರೆಸಿಕೊಳ್ಳುವುದು ಅವರಿಗೂ ಖುಷಿ.

ಹೋದ ದೀಪಾವಳಿಯ ಹೊತ್ತಿಗೆ ಕೊಲ್ಲಾಪುರದ ಒಂದು ಪ್ರದರ್ಶನಕ್ಕೆ ಹೋದವರು ಸೋಲಾರ್ ಪ್ಯಾನೆಲ್ ಕೊಂಡು ಬಂದರು. ನೀಲಿ ಬಣ್ಣದ ಅಗಲ ಹಲಗೆಗಳು. ಮಾಳಿಗೆಯ ಮೇಲೆ ಅವನ್ನು ಕಟ್ಟಿ, ಕೆಳಗೆ ಒಳಕೋಣೆಯಲ್ಲಿ ಎರಡು ಟ್ರ್ಯಾಕ್ಟರ್ ಬ್ಯಾಟರಿ ಇಟ್ಟು, ಅವುಗಳ ಪಕ್ಕಕ್ಕೆ ಕಬ್ಬಿಣದ ಡಬ್ಬಿಯಂಥ ಇನ್ವರ್ಟರ್ ಇಟ್ಟರು. ಡಬ್ಬಿಯನ್ನು ಜೋಡಿಸಿದವನು ಗಡಿಯಾಚೆಯ ಒಬ್ಬ ಮೆಕ್ಯಾನಿಕ್. ಬಿಸಿಲು ಬ್ಯಾಟರಿ ತುಂಬುತ್ತದೆ, ಬ್ಯಾಟರಿಯ ಕರೆಂಟನ್ನು ಡಬ್ಬಿ ಮನೆಯ ಕರೆಂಟಾಗಿ ಮಾಡುತ್ತದೆ. ದಿನಾ ಸಂಜೆ ಊರೆಲ್ಲ ಕತ್ತಲಾದಾಗ ಕಾಕಾನ ಮನೆಯಲ್ಲಿ ಮಾತ್ರ ಟ್ಯೂಬ್‌ಲೈಟು.

"ನೋಡ ಸುಮಾ, ಸೂರ್ಯಾ ಬಿಲ್ ಕೊಡೂದಿಲ್ಲ, ಮೀಟರ್ ರೀಡರ್ ಬರೂದಿಲ್ಲ," ಅಂತ ಕಾಕಾ ನನ್ನನ್ನು ಮಾಳಿಗೆ ಹತ್ತಿಸಿ ತೋರಿಸಿದರು. "ಒಂದ ದಿನಾ ಸರ್ಕಾರನ ನನ್ನ ಕಡೆ ಬಂದು ಕರೆಂಟ್ ಕೇಳತೈತಿ, ಬರದ ಇಟ್ಕೋ."

ನಾನು ನಕ್ಕೆ. ಬರೆದಿಟ್ಟುಕೊಳ್ಳಲಿಲ್ಲ.

ಇಲ್ಲಿಯವರೆಗೆ ಯಾರಿಗೂ ಏನೂ ತೊಂದರೆಯಿಲ್ಲ. ತೊಂದರೆ ಶುರುವಾದದ್ದು ಕಾಕಾನ ಒಳ್ಳೆಯತನದಿಂದ.

ನಮ್ಮ ಕಡೆ ಗೋಡೆ ಅನ್ನುವುದು ಎರಡು ಮನೆಗಳನ್ನು ಬೇರೆ ಮಾಡಲು ಇರುವುದಲ್ಲ. ಅದರ ಮೇಲಿಂದ ಮಜ್ಜಿಗೆಯ ಚರಿಗೆ ದಾಟುತ್ತದೆ, ಶೇಂಗಾ ಹಿಂಡಿ ದಾಟುತ್ತದೆ, ಹೆಪ್ಪಿಗೆ ಬೇಕಾದ ಮೊಸರು ದಾಟುತ್ತದೆ. ಪಕ್ಕದ ಮನೆ ಕತ್ತಲಲ್ಲಿದ್ದಾಗ ತಾನೊಬ್ಬ ಬೆಳಕಿನಲ್ಲಿ ಕೂತು ಉಣ್ಣುವುದು ಕಾಕಾಗೆ ಸರಿಬರಲಿಲ್ಲ. ಗಲ್ಲಿಯಲ್ಲಿ ಇನ್ನು ನಾಲ್ಕು ಮನೆ. ಮನೆಗೊಂದು ಬಲ್ಬು ಕೊಡುತ್ತೇನೆ ಅಂದರು.

ಮನೆಮನೆಗೂ ಬೇರೆ ಬೇರೆ ವೈರು ಎಳೆಯಬೇಕಲ್ಲ? ಮೆಕ್ಯಾನಿಕ್ ನಕ್ಕುಬಿಟ್ಟನಂತೆ. ವೈರು ಎಳೆದೇ ಇದೆಯಲ್ಲ, ಸರ್ಕಾರದ್ದು!

ಅವನ ಉಪಾಯ ಹೀಗೆ. ಗಲ್ಲಿಯ ಬಾಯಲ್ಲಿ ಒಂದು ಕಂಬ, ಅದಕ್ಕೆ ಕೈಗೆಟುಕುವಂತೆ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಗಲ್ಲಿಯ ಫ್ಯೂಸು. ಕರೆಂಟು ಹೋದಾಗ ಆ ಫ್ಯೂಸು ಕಿತ್ತುಬಿಟ್ಟರೆ ಗಲ್ಲಿ ಊರಿನಿಂದ ಬೇರೆಯಾಗುತ್ತದೆ. ಆಮೇಲೆ ಎರಡೂ ತುದಿಗೆ ಪಿನ್ನು ಇರುವ ಒಂದು ವೈರು ತಗೊಳ್ಳುವುದು. ಒಂದು ತಲೆ ಇನ್ವರ್ಟರಿಗೆ, ಇನ್ನೊಂದು ತಲೆ ಕಾಕಾನ ಪಡಸಾಲೆಯ ಗೋಡೆಯ ಸಾಕೆಟ್ಟಿಗೆ. ಸಾಕೆಟ್ಟು ಇರುವುದು ಕರೆಂಟು ಕೊಡಲಿಕ್ಕೆ. ಇಲ್ಲಿ ಅದು ತಗೊಳ್ಳುತ್ತದೆ. ತಗೊಂಡದ್ದು ಮನೆಯ ವೈರಿಂಗಿನಿಂದ ಹಿಂದಕ್ಕೆ ಹೊರಟು ಮೀಟರು ದಾಟಿ, ಗಲ್ಲಿಯ ತಂತಿಗೆ ಹತ್ತಿ, ಐದೂ ಮನೆಗೆ ಇಳಿಯುತ್ತದೆ. ಕರೆಂಟು ಬಂದ ಮೇಲೆ ಮೊದಲು ಪಿನ್ನು ಕೀಳುವುದು, ಆಮೇಲೆ ಫ್ಯೂಸು ಹಾಕುವುದು. ಇಷ್ಟೇ.

"ಕಾಯ್ ಹೋತ್ ನಾಹೀ ಕಾಕಾ," ಅಂದನಂತೆ. ಏನೂ ಆಗುವುದಿಲ್ಲ. ಗಡಿಯ ಈಚೆಗೂ ಆಚೆಗೂ ಇದಕ್ಕಿಂತ ಹೆಚ್ಚು ನಂಬಿಕೆಯಿಂದ ಆಡುವ ಮಾತು ಬೇರೊಂದಿಲ್ಲ.

ಪಡಸಾಲೆಯ ಸಾಕೆಟ್ಟೇ ಯಾಕೆ ಅಂದಿರಾ? ಗಲ್ಲಿಯ ಯಾರು ಬೇಕಾದರೂ ಬಂದು ಹಚ್ಚಲಿ ಅಂತ. ಒಳಗೆ ಬರದೆ ಹಚ್ಚಲಿ ಅಂತಲೂ ಇರಬಹುದು. ಗಲ್ಲಿಯ ಐದು ಮನೆಗಳು ಒಂದೇ ಥರದ ಮನೆಗಳಲ್ಲ. ನಾನು ಕೇಳಲಿಲ್ಲ, ಕಾಕಾನ ಹೆಂಡತಿ ಕಾಕು ಹೇಳಲಿಲ್ಲ.

ಮೊದಮೊದಲು ಫಜೀತಿಯಾಯಿತು. ಒಂದು ಸಂಜೆ ಕರೆಂಟು ಬಂದ ಸಂಭ್ರಮದಲ್ಲಿ ಕಾಕಾ ಪಿನ್ನು ಕೀಳುವುದನ್ನು ಮರೆತು ಫ್ಯೂಸು ಹಾಕಿದರು. ಧಡ್! ಡಬ್ಬಿಯಿಂದ ಹೊಗೆ, ಎರಡು ಮನೆಯ ಟಿ.ವಿ. ಒಂದೇ ಏಟಿಗೆ ಸತ್ತವು, ಉರಿಯುತ್ತಿದ್ದ ಬಲ್ಬುಗಳು ಒಮ್ಮೆ ಬೆಳ್ಳಗೆ ಬೆಳಗಿ ಕಪ್ಪಾದವು. ಇದೇನು ಅಂತ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರನ್ನು ಕೇಳಿದೆ. (ನಾನು ಕಲಿಸುವುದು ಸಮಾಜ, ಕರೆಂಟಿನ ವಿಷಯದಲ್ಲಿ ನಿಮ್ಮಷ್ಟೇ ದಡ್ಡಿ.) ಅವರು ಹೇಳಿದ್ದು ಚೆನ್ನಾಗಿತ್ತು. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ನೋಡಿದ್ದೀರಲ್ಲ? ತಾಳ ಹೊಂದಿದರೆ ಕುಟ್ಟುವುದು ಹಗುರ. ಹೊಂದದಿದ್ದರೆ ಒನಕೆಗೆ ಒನಕೆ ಬಡಿಯುತ್ತದೆ. ಲೈನಿನ ಕರೆಂಟಿಗೆ ಒಂದು ತಾಳ, ಡಬ್ಬಿಯ ಕರೆಂಟಿಗೆ ಇನ್ನೊಂದು ತಾಳ. ಎರಡೂ ಎದುರಾದ ಆ ಒಂದು ಗಳಿಗೆಯ ಝಟ್ಕಾ ಸಾಕು, ಸಿಕ್ಕದ್ದನ್ನೆಲ್ಲ ಸುಡುತ್ತದೆ.

ಕಾಕಾ ಎರಡೂ ಟಿ.ವಿ. ರಿಪೇರಿ ಮಾಡಿಸಿಕೊಟ್ಟರು. ಅಲ್ಲಿಂದ ಗಲ್ಲಿಯಲ್ಲಿ ಒಂದು ನಿಯಮ ಗಟ್ಟಿಯಾಯಿತು. ಹಚ್ಚುವಾಗ ಮೊದಲು ಫ್ಯೂಸು, ಆಮೇಲೆ ಪಿನ್ನು. ತೆಗೆಯುವಾಗ ಮೊದಲು ಪಿನ್ನು, ಆಮೇಲೆ ಫ್ಯೂಸು. ಮಕ್ಕಳು ಮಗ್ಗಿಯ ಹಾಗೆ ಹೇಳುತ್ತಿದ್ದವು. ಗಲ್ಲಿಯ ಪ್ರತಿಯೊಬ್ಬರೂ ಕಲಿತರು. ಕತ್ತಲಾದದ್ದು ಮೊದಲು ಯಾರ ಗಮನಕ್ಕೆ ಬಂತೋ ಅವರೇ ಹೋಗಿ ಹಚ್ಚುವುದು. ಯಾರನ್ನೂ ಕೇಳಬೇಕಾಗಿಲ್ಲ.

ನಿಯಮ ಕಲಿಸಿದವನು ಮಾರುತಿ. ಗಲ್ಲಿಯ ಕೊನೆಯ ಮನೆಯವನು, ಊರಿನ ಲೈನ್‌ಮನ್.

ಹೌದು, ಲೈನ್‌ಮನ್! ತಂತಿ ಕಾಯಬೇಕಾದವನು ಗೊತ್ತಿದ್ದೂ ಸುಮ್ಮನಿದ್ದನೇ? ಇದ್ದ. ನಾಲ್ಕು ಬಲ್ಬುಗಳಲ್ಲಿ ಒಂದು ಅವನ ಮನೆಯಲ್ಲೇ ಉರಿಯುತ್ತಿತ್ತು. ಕಿಟಕಿಯಿಲ್ಲದ ತಗಡಿನ ಮನೆ, ಮಗಳು ಹತ್ತನೇ ಇಯತ್ತೆ, ಪರೀಕ್ಷೆ ಬಾಗಿಲಲ್ಲಿ. ಮಾರುತಿಯ ನೌಕರಿ ಇನ್ನೂ ಖಾಯಂ ಆಗಿಲ್ಲ. ಈ ವರ್ಷ ಆಗುತ್ತದೆ ಅಂತ ಎಷ್ಟೋ ವರ್ಷಗಳಿಂದ ಕಾಯುತ್ತಿದ್ದಾನೆ. ಆಗಲೇಬೇಕು, ಇಲ್ಲದಿದ್ದರೆ ಮಗಳ ಓದು ಹತ್ತಕ್ಕೇ ನಿಲ್ಲುತ್ತದೆ. ಅದು ಗಲ್ಲಿಗೆಲ್ಲ ಗೊತ್ತು.

ಈಗ ಭಾನುವಾರಕ್ಕೆ ಬರೋಣ.

ನಾನು ಕಾಕಾನ ಪಡಸಾಲೆಯಲ್ಲಿ ಚಹಾದ ಬಶಿ ಹಿಡಿದು ಕೂತಿದ್ದೆ. ಒಳಗೆ ಟಿ.ವಿ.ಯಲ್ಲಿ ಕ್ರಿಕೆಟ್, ಅದರ ಮುಂದೆ ಗಲ್ಲಿಯ ಗಂಡಸರೆಲ್ಲ. ಅರ್ಧಕ್ಕೇ ಕರೆಂಟು ಹೋಯಿತು. ಒಳಗಿನಿಂದ ಒಂದು ದೊಡ್ಡ ನಿಟ್ಟುಸಿರು.

ಕರೆಂಟು ಹೋಗಿರಲಿಲ್ಲ, ಮಾರುತಿ ತೆಗೆದಿದ್ದ. ಗಲ್ಲಿಯ ತಂತಿಯೇ ಹಾದುಹೋಗುವ ಹಿಂಬದಿಯ ಕಂಬದಲ್ಲಿ ಒಂದು ಕ್ಲಾಂಪು ಸಡಿಲಾಗಿ ಗಾಳಿಗೆ ಕಿಡಿ ಹಾರುತ್ತಿತ್ತು, ಟಿ.ವಿ. ಚಿತ್ರ ಕುಣಿಯುತ್ತಿತ್ತು. ಮ್ಯಾಚು ನೋಡುತ್ತಿದ್ದವರಲ್ಲೇ ಯಾರೋ ಹೋಗಿ, ಹೊಲದ ದಾರಿಯಲ್ಲಿದ್ದ ಮಾರುತಿಗೆ ಹೇಳಿದ್ದರು. ಅವನು ಮನೆಗೂ ಹೋಗದೆ ನೇರ ಟಿ.ಸಿ.ಗೆ ಹೋಗಿ ಬಂದ್ ಮಾಡಿ, ಹಿಂದಿನ ದಾರಿಯಿಂದಲೇ ಬಂದು ಕಂಬ ಹತ್ತಿದ. ಎರಡು ನಿಮಿಷದ ಕೆಲಸ ಅಂತ ಸೊಂಟಕ್ಕೆ ಹಗ್ಗವನ್ನೂ ಕಟ್ಟಿಕೊಂಡಿರಲಿಲ್ಲ. ನಡುಮಧ್ಯಾಹ್ನ ಇನ್ವರ್ಟರ್ ಯಾರು ಹಚ್ಚುತ್ತಾರೆ? ಅದು ಸಂಜೆಯ ವಸ್ತು.

ಇತ್ತ ಗಲ್ಲಿಯಲ್ಲಿ ಅವನ ಹೆಂಡತಿ ಶಾಂತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನೇರ ಗಲ್ಲಿಯ ಬಾಯಿಗೆ ಹೋಗಿ ಪೆಟ್ಟಿಗೆ ತೆಗೆದು ಫ್ಯೂಸು ಕಿತ್ತಳು. ನಿಯಮ ಅಂದರೆ ನಿಯಮ. ಆಮೇಲೆ ಪಡಸಾಲೆಗೆ ಬಂದಳು.

"ಯಾವಾಗ ಬಂದ್ರಿ ಬಾಯಾರ?" ಅಂತ ನಗುತ್ತ ಕೇಳಿದಳು. ಟೀಚರಿಗೆ ನಮ್ಮ ಕಡೆ ಹಾಗೇ ಅನ್ನುವುದು. "ಮಗಳ ಗಣಿತ ಮಾಡಾಕತ್ತಾಳ್ರಿ. ಮನ್ಯಾಗ ಹಗಲ್ಹೊತ್ತೂ ಕತ್ತಲೀನ."

ಪಿನ್ನು ಸಾಕೆಟ್ಟಿಗೆ ಒತ್ತಿದಳು. ನನ್ನ ತಲೆಯ ಮೇಲಿನ ಫ್ಯಾನು ತಿರುಗಿತು. ಒಳಗೆ ಗಂಡಸರು ಹೋ ಅಂದರು.

ಅದೇ ಹೊತ್ತಿಗೆ ಹಿಂದುಗಡೆ ತಗಡಿನ ಮೇಲೆ ಭಾರವಾದದ್ದೇನೋ ಬಿದ್ದ ಸದ್ದಾಯಿತು.

ಮಾರುತಿ ಬಿದ್ದದ್ದು ದನದ ಕೊಟ್ಟಿಗೆಯ ತಗಡಿನ ಮೇಲೆ. ಅಲ್ಲಿಂದ ಉರುಳಿ ಕಬ್ಬಿನ ರವದಿಯ, ಒಣ ಎಲೆಗಳ, ರಾಶಿಯ ಮೇಲೆ. ಆ ರವದಿ ಇಲ್ಲದಿದ್ದರೆ ಈ ಬರಹ ಬೇರೆಯಾಗುತ್ತಿತ್ತು. ಬಲಗೈ ಮುರಿದು ಅಡ್ಡಲಾಗಿತ್ತು, ಅಂಗೈ ಕರಕಾಗಿತ್ತು. ಪ್ರಜ್ಞೆ ಇತ್ತು. ಶಾಂತಾ ಅವನ ತಲೆಯನ್ನು ತೊಡೆಯ ಮೇಲೆ ತಗೊಂಡಾಗ ಒಂದೇ ಮಾತು ಮತ್ತೆ ಮತ್ತೆ ಹೇಳುತ್ತಿದ್ದ.

"ಲೈನ್ ಬಂದ್ ಐತಿ... ನಾನ ಬಂದ್ ಮಾಡೇನಿ..."

ಶಾಂತಾ ಕಂಬದ ಕಡೆ ನೋಡಿದಳು. ಆಮೇಲೆ ತಿರುಗಿ ಕಾಕಾನ ಮನೆಯ ಕಡೆ ನೋಡಿದಳು. ಅವಳಿಗೆ ತಿಳಿದದ್ದು ನನಗೆ ಕಂಡಿತು. ಆ ಮುಖವನ್ನು ಇಲ್ಲಿ ಬರೆಯುವುದಿಲ್ಲ, ನನ್ನಿಂದ ಆಗುವುದೂ ಇಲ್ಲ.

ಕಾಕಾನ ಜೀಪಿನಲ್ಲಿ ಹಾಕಿಕೊಂಡು ನಿಪ್ಪಾಣಿಗೆ ಓಡಿದರು. ಗಲ್ಲಿಯೆಲ್ಲ ಜೀಪಿನ ಹಿಂದೆ ರಸ್ತೆಯವರೆಗೆ ಹೋಯಿತು. ನಾನು ಪಡಸಾಲೆಗೆ ಮರಳಿ ಬಂದಾಗ ಪಿನ್ನು ಇನ್ನೂ ಗೋಡೆಯಲ್ಲೇ ಇತ್ತು. ಫ್ಯಾನು ತಿರುಗುತ್ತಿತ್ತು. ಒಳಗೆ ಖಾಲಿ ಕೋಣೆಗೆ ಟಿ.ವಿ. ಮ್ಯಾಚು ತೋರಿಸುತ್ತಿತ್ತು. ಕಿತ್ತು ಹಾಕಿದೆ.

ಜೀವಕ್ಕೆ ಅಪಾಯವಿಲ್ಲ ಅಂತ ಡಾಕ್ಟರು ಹೇಳಿದರಂತೆ. ಕೈ ಕೂಡುತ್ತದೆ, ಆದರೆ ಮೊದಲಿನ ಹಿಡಿತ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು. ಲೈನ್‌ಮನ್‌ಗೆ ಬಲಗೈ ಅಂದರೆ ಏನು ಅಂತ ಬಿಡಿಸಿ ಹೇಳಬೇಕೆ?

ಸೋಮವಾರ ರಜೆ ಹಾಕಿ ಅಲ್ಲೇ ಉಳಿದೆ. ಮುಂಜಾನೆ ಚೌಕಶಿಗೆ, ಅಂದರೆ ವಿಚಾರಣೆಗೆ, ಸಾಹೇಬರು ಬಂದರು. ಕರೆಂಟ್ ಆಫೀಸಿನವರು. ಯಾವ ಆಫೀಸು ಅಂತ ಕೇಳಬೇಡಿ. ಮೋಟರ್‌ಸೈಕಲ್ ಹಿಂದೆ ದಸ್ತಗೀರ ಅನ್ನುವ ಇನ್ನೊಬ್ಬ ಲೈನ್‌ಮನ್ ಕೂತು ಬಂದಿದ್ದ, ಅರ್ಧ ತಲೆ ನರೆತ ಗಟ್ಟಿ ಆಳು. ಮಾರುತಿ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಲಿಕ್ಕೆ. ಗಲ್ಲಿಗೆ ಅಲ್ಲಿಯವರೆಗೂ ಲೈನು ಇರಲಿಲ್ಲ.

ಪಡಸಾಲೆಯಲ್ಲೇ ಕುರ್ಚಿ ಹಾಕಿದರು. ಸಾಕೆಟ್ಟಿನ ಕೆಳಗೇ. ಎರಡು ತಲೆಯ ವೈರು ಸುರುಳಿ ಸುತ್ತಿ ಒಳಗೆ ಬ್ಯಾಟರಿಯ ಹಿಂದೆ ಸೇರಿತ್ತು, ತೆರೆದ ಬಾಗಿಲಿನಿಂದ ಅದರ ತುದಿ ಕಾಣುತ್ತಿತ್ತು.

"ಹೆಂಗ ಆತು?" ಸಾಹೇಬರು ಕೇಳಿದರು.

"ಕಾಲ ಜಾರಿತ್ರಿ ಸಾಹೇಬರ," ಕಾಕಾ ಹೇಳಿದರು. ನನ್ನ ಕಡೆ ನೋಡಲಿಲ್ಲ.

"ನೋಡಿದವರ ಯಾರು?"

"ನಾ ಕಣ್ಣಾರೆ ನೋಡೇನ್ರಿ. ಕಾಲ ಜಾರಿತು, ಬಿದ್ದ," ಅಂದ ಪಕ್ಕದ ಮನೆಯವನು. ಬಿದ್ದ ಗಳಿಗೆಯಲ್ಲಿ ಅವನು ಟಿ.ವಿ.ಯ ಮುಂದೆ ಎಲ್ಲರಿಗಿಂತ ಹತ್ತಿರ ಕೂತಿದ್ದ.

"ಮಾರುತಿನೂ ಅದನ್ನ ಅಂದಾನ. ಮುಂಜಾನೆ ದವಾಖಾನಿಗೆ ಹೋಗಿದ್ದೆ," ಅಂದರು ಸಾಹೇಬರು. ಪೆನ್ನಿನ ಟೊಪ್ಪಿಗೆ ತೆಗೆದರು.

ಮಾರುತಿಯೂ ಅದನ್ನೇ ಹೇಳಿದನೇ? ಹೌದು. ಕೈಯಲ್ಲಿ ಹಿಡಿದ ತಂತಿ ಹೊಡೆದದ್ದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಕಾನ ಹೆಸರು ಪೊಲೀಸ್ ಠಾಣೆಗೆ ಹೋಗಬಾರದು ಅಂತ ಅವನು ಕಾಲು ಜಾರಿಸಿಕೊಂಡಿದ್ದ. ಅವನ ನೌಕರಿ ಉಳಿಯಲಿ ಅಂತ ಕಾಕಾ ಅವನ ಕಾಲು ಜಾರಿಸಿದ್ದರು. ಒಬ್ಬರನ್ನೊಬ್ಬರು ಎಷ್ಟು ಪ್ರೀತಿಯಿಂದ ಕಾಯುತ್ತಿದ್ದರು ಅಂದರೆ, ನೋಡುತ್ತ ಕೂತ ನನಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದು ಮಾತ್ರ ತಿಳಿಯಲಿಲ್ಲ.

ಆಗ ಶಾಂತಾ ಬಂದಳು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದು, ಗಂಡನಿಗೆ ಬುತ್ತಿ ಒಯ್ಯಲು ಮುಂಜಾನೆಯ ಬಸ್ಸಿಗೆ ಬಂದಿದ್ದಳು. ಕೈಯಲ್ಲಿ ಬುತ್ತಿಯ ಚೀಲ. ಮೆಟ್ಟಿಲ ಕೆಳಗೆ ನಿಂತಳು.

"ಕಾಲ ಜಾರಿಲ್ರಿ ಸಾಹೇಬರ. ಕರೆಂಟ್ ಹೊಡೀತು. ಪಿನ್ ಹಚ್ಚಿದಾಕಿ ನಾನ."

ಕಾಕು ಒಳಗಿನಿಂದ ಬಂದವರು ಬಾಗಿಲಲ್ಲೇ ನಿಂತರು.

"ಯಾವ ಪಿನ್ನು?" ಸಾಹೇಬರು ಕೇಳಿದರು. ಕೇಳುವ ರೀತಿಯಲ್ಲೇ ಅವರಿಗೆ ಗೊತ್ತಿರುವುದು ಗೊತ್ತಾಯಿತು.

"ಅದನ್ನ ನೋಡ್ರಿ, ನಿಮ್ಮ ತಲೀ ಮ್ಯಾಲ ಐತಲ್ಲ, ಅಲ್ಲಿ. ವೈರ್ ಬ್ಯಾಟರಿ ಹಿಂದ ಐತಿ."

"ತಂಗಿ, ನೀ ದುಃಖದಾಗ ಅದಿ. ಹೋಗು, ಗಂಡಗ ಬುತ್ತಿ ಒಯ್ಯಿ."

"ನಾ ದುಃಖದಾಗ ಅದೀನ್ರಿ. ಆದ್ರ ಪಿನ್ ಹಚ್ಚಿದ್ದು ಖರೇನ."

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಕಂಡದ್ದನ್ನು ಹೇಳಿದೆ. ಅವಳು ಫ್ಯೂಸು ಕಿತ್ತದ್ದು, ಪಿನ್ನು ಹಾಕಿದ್ದು, ಫ್ಯಾನು ತಿರುಗಿದ್ದು, ಸದ್ದಾದದ್ದು. ಕಾಕಾ ನೆಲ ನೋಡುತ್ತಿದ್ದರು. ನಾನು ಅವರ ಮನೆಯ ಚಹಾ ಕುಡಿದು ಅವರ ಮೇಲೆ ಸಾಕ್ಷಿ ಹೇಳುತ್ತಿದ್ದೆ. ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ಸಾಹೇಬರು ಪೆನ್ನು ಮುಚ್ಚಿದರು. ಕೆಟ್ಟ ಮನುಷ್ಯರಲ್ಲ ಅವರು, ದಣಿದ ಮನುಷ್ಯರು.

"ಬಾಯಾರ, ನೀವು ಪೇಪರ್‌ನ್ಯಾಗ ಬರೀತೀರಿ, ನಾನೂ ಓದೇನಿ. ನಿಮಗ ಒಂದ ಮಾತ ಕೇಳ್ತೀನಿ. ಖರೆ ಬರದ್ನಿ ಅಂದ್ರ ಮೊದಲನೇ ಪ್ರಶ್ನಿ ಏನ ಬರತೈತಿ? ಲೈನ್‌ಮನ್ ಅಲ್ಲೇ ಇರತಾನ, ಅವಗ ಗೊತ್ತಿದ್ದಿಲ್ಲೇನು? ಗೊತ್ತಿತ್ತು. ಅವನ ಮನ್ಯಾಗೂ ಬಲ್ಬ್ ಐತಿ. ಖಾಯಂ ಆಗೂದ ದೂರ ಉಳೀತು, ಇದ್ದ ಕೆಲಸಾನೂ ಹೋತು. ಸುಳ್ಳ ಬರದ್ರ ಕೆಲಸ ಉಳೀತೈತಿ. ನೀವ ಹೇಳ್ರಿ, ಏನ ಬರೀಲಿ?"

ವಾರಕ್ಕೊಮ್ಮೆ ಊರಿಗೆಲ್ಲ ಬುದ್ಧಿ ಹೇಳುವವಳು ನಾನು.

ಮಾತು ಮರೆಸಲೆಂದು ಬೇರೆ ಕೇಳಿದೆ. ಕಂಬ ಹತ್ತುವ ಮೊದಲು ತಂತಿಗೆ ಸಿಕ್ಕಿಸಿ ನೆಲಕ್ಕೆ ಇಳಿಬಿಡುವ ಒಂದು ಅರ್ಥಿಂಗ್ ಕೋಲು ಇರುತ್ತದಂತೆ. ಅದನ್ನು ಹಾಕಿದರೆ ಕದ್ದು ಬಂದ ಕರೆಂಟು ಮನುಷ್ಯನನ್ನು ಬಿಟ್ಟು ನೆಲಕ್ಕೆ ಇಳಿಯುತ್ತದಂತೆ. (ಇದೂ ವಿಜ್ಞಾನದ ಮಾಸ್ತರರ ಮಾತೇ.) ಮಾರುತಿಯ ಹತ್ತಿರ ಅದು ಯಾಕೆ ಇರಲಿಲ್ಲ?

"ಐತ್ರಿ," ಅಂದರು ಸಾಹೇಬರು.

"ಎಲ್ಲಿ?"

"ಸ್ಟೋರ್‌ನ್ಯಾಗ."

ಅಲ್ಲಿಗೆ ಆ ಮಾತೂ ಮುಗಿಯಿತು. ಆಫೀಸಿಗೂ ಮಾರುತಿಯ ಕಾಲು ಜಾರಿದರೇ ಒಳ್ಳೆಯದಿತ್ತು. ಕಾಲು ಜಾರಿದರೆ ಗಲ್ಲಿಗೆ ಕೇಸಿಲ್ಲ, ಆಫೀಸಿಗೆ ಮೇಲಿನವರ ನೋಟೀಸಿಲ್ಲ, ಮಾರುತಿಗೆ ನೌಕರಿ ಉಂಟು. ಇಷ್ಟು ಜನರಿಗೆ ಒಂದೇ ಸಲಕ್ಕೆ ಒಳ್ಳೆಯದು ಮಾಡುವ ಸುಳ್ಳು ಇನ್ನೆಲ್ಲಿ ಸಿಕ್ಕೀತು? ಸಾಹೇಬರು ಬರೆದರು. ಪಕ್ಕದ ಮನೆಯವನು ಸಹಿ ಮಾಡಿದ. ಕಾಕಾ ಸಹಿ ಮಾಡಿದರು. ನನಗೆ ಯಾರೂ ಪೆನ್ನು ಕೊಡಲಿಲ್ಲ, ಶಾಂತಾಗೂ ಕೊಡಲಿಲ್ಲ.

ಇನ್ನು ಕೇಳಿ. ನಾನು ಇದನ್ನು ಬರೆಯಲು ಕೂತದ್ದೇ ಈ ಮುಂದಿನದಕ್ಕಾಗಿ.

ದಸ್ತಗೀರ ಅಂಗಳದಲ್ಲಿ ನಿಂತು ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಎಲೆ ಅಡಿಕೆ ಉಗುಳಿ ಬಾಯಿ ಮುಕ್ಕಳಿಸಿದ. ಪಡಸಾಲೆಯಲ್ಲಿ ಮಾತು ನಡೆದಾಗ ಹೋಗಿ ಟಿ.ಸಿ. ಬಂದ್ ಮಾಡಿ ಈಗಷ್ಟೇ ಬಂದಿದ್ದ. ಊರ ಗಿರಣಿ ಮತ್ತೆ ನಿಂತಿತ್ತು. ಎಲ್ಲ ಭಾನುವಾರದ ಹಾಗೆಯೇ.

ಪಡಸಾಲೆಯಲ್ಲಿ ಅಷ್ಟು ಜನ ಕೂತಿದ್ದರು. ಒಬ್ಬರೂ ಅವನಿಗೆ ಪಿನ್ನಿನ ಸುದ್ದಿ ಹೇಳಲಿಲ್ಲ.

ಹೇಗೆ ಹೇಳುವುದು? ಈಗಷ್ಟೇ ಸಹಿಯಾಗಿದೆಯಲ್ಲ. ವೈರು ಇಲ್ಲ, ಪಿನ್ನು ಇಲ್ಲ, ಮಾರುತಿಗೆ ಕರೆಂಟು ಹೊಡೆದೇ ಇಲ್ಲ. ಇಲ್ಲದ ವೈರಿನ ಬಗ್ಗೆ ಎಚ್ಚರಿಕೆ ಕೊಡುವುದು ಹೇಗೆ? ಸಾಹೇಬರು ಗಡಿಯಾರ ನೋಡಿಕೊಂಡರು. ಕಾಕಾ ಬಾಯಿ ತೆರೆದರು, ಸಾಹೇಬರ ಕಡೆ ನೋಡಿದರು, ಬಾಯಿ ಮುಚ್ಚಿದರು. ಮಾತಿನಲ್ಲಿ ಯಾವತ್ತೂ ಸೋಲದ ನಮ್ಮ ಕಾಕಾ! ನಾನೇ ಹೇಳಿಬಿಡುತ್ತೇನೆ ಅಂತ ಎದ್ದೆ.

ನನಗಿಂತ ಮೊದಲು ಶಾಂತಾ ಮೆಟ್ಟಿಲು ಹತ್ತಿದಳು. ಯಾರನ್ನೂ ಕೇಳದೆ ಪಡಸಾಲೆ ದಾಟಿ ಒಳಗೆ ಹೋದಳು. ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲಿರಬೇಕು, ಕಾಕು ಪಕ್ಕಕ್ಕೆ ಸರಿದು ದಾರಿ ಕೊಟ್ಟರು. ಬ್ಯಾಟರಿಯ ಹಿಂದಿನಿಂದ ಎರಡು ತಲೆಯ ವೈರನ್ನು ಎಳೆದು ತಂದಳು. ಅಂಗಳ ದಾಟಿ ಹಿಂದುಗಡೆ ನಡೆದಳು. ಕಂಬದ ಬುಡದಲ್ಲಿ, ರವದಿಯ ಪಕ್ಕ, ಬುತ್ತಿಯ ಚೀಲ ಇಟ್ಟು ಕೂತಳು. ವೈರು ಉಡಿಯಲ್ಲಿ.

ದಸ್ತಗೀರ ಕಂಬಕ್ಕೆ ಕೈ ಹಚ್ಚಿದವನು ನಿಂತ.

"ಏನವ್ವಾ ಅದು?"

"ನನ್ನ ಗಂಡನ್ನ ಕೆಡವಿದ್ದು."

ಅವನು ವೈರು ನೋಡಿದ. ಎರಡೂ ತುದಿಯ ಪಿನ್ನು ನೋಡಿದ. ತಿರುಗಿ ನಮ್ಮೆಲ್ಲರನ್ನೂ ಒಂದು ಸಲ ನೋಡಿದ. ಕಸಬಿನವನು, ಬೇರೇನೂ ಕೇಳಬೇಕಾಗಿರಲಿಲ್ಲ.

"ಹತ್ರಿ ಅಣ್ಣಾ," ಅಂದಳು ಶಾಂತಾ. "ನೀವ ಇಳಿಯೂತನಕಾ ಇದು ನನ್ನ ಉಡ್ಯಾಗ ಇರತೈತಿ."

ಅವನು ಹತ್ತಿದ. ಕೆಲಸ ಎರಡು ನಿಮಿಷದ್ದಲ್ಲ, ಬಹಳ ಹೊತ್ತು ಹಿಡಿಯಿತು. ನಡುವೆ ರಸ್ತೆಯಲ್ಲಿ ನಿಪ್ಪಾಣಿಯ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಆಸ್ಪತ್ರೆಯಲ್ಲಿ ಗಂಡ ಹಸಿದಿದ್ದ, ಬುತ್ತಿ ಅವಳ ಪಕ್ಕದಲ್ಲಿತ್ತು. ಅವಳು ಏಳಲಿಲ್ಲ. ಕತ್ತೆತ್ತಿ ಆ ಗುರುತಿಲ್ಲದ ಮನುಷ್ಯನ ಕೈಗಳನ್ನೇ ನೋಡುತ್ತಿದ್ದಳು. ನಾನು ಹೋಗಿ ಅವಳ ಹತ್ತಿರ ನಿಂತೆ.

ಅವನು ನೆಲಕ್ಕೆ ಕಾಲಿಟ್ಟ ಮೇಲೆ ಎದ್ದು ಸೀರೆ ಕೊಡವಿಕೊಂಡಳು. ಇದನ್ನು ಬರೆಯಲೇ ಅಂತ ಅವಳನ್ನು ಕೇಳಿದೆ.

"ಬರೀರಿ ಬಾಯಾರ. ಹೆಸರ ಹಾಕಬ್ಯಾಡ್ರಿ. ಅವರ ಕೆಲಸ ಹೋಗಬಾರದು."

"ಮಾರುತಿಗೆ ಹೇಳಿದಿ ಏನು, ಪಿನ್ ಹಚ್ಚಿದ್ದು ನೀನ ಅಂತ?"

"ನಿನ್ನಿನ ಹೇಳೇನ್ರಿ. ಗೊತ್ತೈತಿ ಅಂದ್ರು. ಮತ್ತೇನ ಅನಲಿಲ್ಲ. ಎಡಗೈಲೆ ನನ್ನ ಕೈ ಹಿಡಕೊಂಡ್ರು." ಅಷ್ಟು ಹೇಳಿ ಅತ್ತಳು. ಭಾನುವಾರದಿಂದ ಅವಳು ಅತ್ತದ್ದು ನಾನು ಕಂಡದ್ದು ಆಗಲೇ.

ಮುಂದಿನ ಬಸ್ಸಿಗೆ ನಿಪ್ಪಾಣಿಗೆ ಹೋದಳು. ವೈರನ್ನು ಯಾರಿಗೂ ಕೊಡಲಿಲ್ಲ. ಬುತ್ತಿಯ ಚೀಲದಲ್ಲೇ ಹಾಕಿಕೊಂಡು ಹೋದಳು.

ಸಂಜೆ ಎಂದಿನಂತೆ ಕರೆಂಟು ಹೋಯಿತು. ಗಲ್ಲಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಸಾಕ್ಷಿಯ ಸಹಿ ಮಾಡಿದ್ದ ಪಕ್ಕದ ಮನೆಯವನು ಪಡಸಾಲೆಯ ಕೆಳಗೆ ಬಂದು ನಿಂತ.

"ಕಾಕಾರ, ಇವತ್ತ ಹಚ್ಚೂದಿಲ್ಲೇನ್ರಿ?"

"ವೈರ್ ಇಲ್ಲೋ," ಅಂದರು ಕಾಕಾ.

"ಹೊಸಾದ ತರೋಣ್ರೆಲಾ. ಪರೀಕ್ಷಿ ಹತ್ರ ಬಂದಾವು, ಹುಡುಗೂರು ಕತ್ತಲದಾಗ ಕುಂತಾವ. ಆಕೀ ಅದನ್ನ ಯಾಕ ಒಯ್ದಳು? ಒಂದ ಮಾತ ಹೇಳಬಾರದೇನು?"

ಕಾಕಾ ಎದ್ದು ಒಳಗೆ ಹೋದರು. ಇನ್ವರ್ಟರಿನಿಂದ ಅವರ ಮನೆಯೊಳಗಿನ ಟ್ಯೂಬ್‌ಲೈಟಿಗೆ ನೇರ ಬೇರೆ ವೈರು ಇದೆ, ಅದನ್ನೂ ಹಚ್ಚಲಿಲ್ಲ. ಗಲ್ಲಿಯ ಕೊನೆಯ ಮನೆಯಲ್ಲಿ ಶಾಂತಾಳ ಮಗಳು ಕಂದೀಲು ಹಚ್ಚಿಕೊಂಡು ಗಣಿತ ಮಾಡುತ್ತಿದ್ದಳು.

ಹೊಸ ವೈರು ಬರುತ್ತದೆ, ನನಗೆ ಅನುಮಾನವಿಲ್ಲ. ಬೇರೆ ಗಲ್ಲಿಗಳಲ್ಲಿ ಆಗಲೇ ಇವೆಯಂತೆ, ಬೇರೆ ಊರುಗಳಲ್ಲೂ ಇವೆಯಂತೆ. ಎಲ್ಲ ಕಡೆಯೂ ಪಕ್ಕದ ಮನೆಯವರು ಕತ್ತಲಲ್ಲಿ ಇರಬಾರದು ಅನ್ನುವ ಒಳ್ಳೆಯ ಜನ, ಎಲ್ಲ ಕಡೆಯೂ ಜಾರಲು ತಯಾರಾದ ಕಾಲುಗಳು. ನನ್ನದು ಒಂದೇ ಪ್ರಶ್ನೆ, ಸಾಹೇಬರಿಗೂ, ಕಾಕಾಗೂ, ನಿಮಗೂ.

ಪ್ರತಿ ಕಂಬದ ಬುಡದಲ್ಲಿ ಒಬ್ಬೊಬ್ಬ ಲೈನ್‌ಮನ್‌ನ ಹೆಂಡತಿಯನ್ನು ತಂದು ಕೂರಿಸಲಾದೀತೇ?